ಇನ್ನೂರ ಇಪ್ಪತ್ತನಾಲ್ಕು ಕಡೆ ಸೋತ ರೇಣುಕಾ

ಕಳೆದ ವಾರ ನಮ್ಮ ಬಾಸ್ ಮೂರ್ತಿ ಸಾರ್ ಜೊತೆ ಬೆಂಗಳೂರಿನ ಹೊಸಹಳ್ಳಿಯಲ್ಲಿರುವ ನಮ್ಮ ಹಳೇ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೆ. ಅರ್ಧ ಹತ್ತಿರಬೇಕು, ಕೆಳಗಿನ ಹಿಟ್ಟಿನ ಗಿರಣಿಯಲ್ಲಿ ಯಾರೋ ಒಣಮೆಣಸಿನಕಾಯಿ ಪುಡಿಗೆ ಹಾಕಿಸಿದರು. ಘಾಟು ಮೂಗಿಗೆ ಹೊಡೆದದ್ದೇ ತಡ, ಸಾಲಾಗಿ ಏಳು ಸೀನು. ಮೂರ್ತಿ ಸಾರ್ ತಿರುಗಿ ನೋಡಿ, "ಏನಮ್ಮಾ ಸುಮಿತ್ರಾ, ಇನ್ನೂ ಅಭ್ಯಾಸ ಆಗ್ಲಿಲ್ವಾ?" ಎಂದು ನಕ್ಕರು. ಹನ್ನೊಂದು ವರ್ಷ ಆ ಗಿರಣಿಯ ತಲೆಯ ಮೇಲೆ ಕೂತು ಕೆಲಸ ಮಾಡಿದವಳು ನಾನು. ರಾಗಿ, ಗೋಧಿ, ಹುರಿಗಡಲೆ, ಎಲ್ಲದರ ವಾಸನೆಯೂ ಒಗ್ಗಿತ್ತು. ಮೆಣಸಿನಕಾಯಿಯದು ಮಾತ್ರ ಒಗ್ಗಲಿಲ್ಲ. ಆ ಘಾಟು ಅಂದರೆ ನನಗೆ ಏಪ್ರಿಲ್ ತಿಂಗಳು, ಏಪ್ರಿಲ್ ಅಂದರೆ ಆ ಚುನಾವಣೆಯ ವರ್ಷ, ಆ ವರ್ಷ ಅಂದರೆ ರೇಣುಕಾ.

ಮೊದಲೇ ಹೇಳಿಬಿಡುತ್ತೇನೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇತ್ತು ಅಂತಲ್ಲ, ಇದೆ. ಅವಳ ವಾಟ್ಸಾಪ್ ಸ್ಟೇಟಸ್ ನೋಡದೆ ನಾನು ಬೆಳಗಿನ ಕಾಫಿ ಕುಡಿದದ್ದು ಈಚೆಗಂತೂ ನೆನಪಿಲ್ಲ.

ನಮ್ಮದು ಒಂಬತ್ತು ಜನರ ಚಿಕ್ಕ ಸಾಫ್ಟ್‌ವೇರ್ ಆಫೀಸು. ಮತ ಎಣಿಕೆಯ ದಿನ ಟೀವಿಯಲ್ಲಿ ಯಾವ ಪಕ್ಷ ಎಷ್ಟು ಕಡೆ ಮುಂದೆ, ಯಾರು ಹಿಂದೆ ಅಂತ ಕೆಳಗಡೆ ಪಟ್ಟಿ ಓಡುತ್ತದಲ್ಲ, ಒಂದು ಚಾನೆಲ್ಲಿಗೆ ಅದನ್ನು ಮಾಡಿಕೊಡುತ್ತಿದ್ದೆವು. ನಿಜವಾದ ಎಣಿಕೆ ಬರುವುದು ಐದು ವರ್ಷಕ್ಕೊಮ್ಮೆ, ಅದೂ ಒಂದೇ ದಿನ. ಆ ದಿನ ಕೈಕೊಟ್ಟರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಮೊದಲೇ ಸುಳ್ಳು ಚುನಾವಣೆ ನಡೆಸಿ ನೋಡಬೇಕು. ಕ್ಷೇತ್ರಕ್ಕೆ ಇಷ್ಟು ಅಭ್ಯರ್ಥಿಗಳು, ಎಣಿಕೆಯ ಒಂದೊಂದು ಸುತ್ತಿಗೆ ಇಷ್ಟು ಮತ ಎಂದು ಸುಳ್ಳು ಅಂಕಿಗಳನ್ನು ತಾನೇ ಹುಟ್ಟಿಸಿ ಪರದೆಗೆ ಕಳಿಸುವ ಪ್ರೋಗ್ರಾಮನ್ನು ನಾನೇ ಬರೆದಿದ್ದೆ. ಡಮ್ಮಿ ಎಲೆಕ್ಷನ್ ಅಂತ ಅದಕ್ಕೆ ಹೆಸರು. ನಮ್ಮ ಆಫೀಸಿನಲ್ಲಿ ತಿಂಡಿಯ ಹೊತ್ತಿಗೆ ಒಂದು ಸರ್ಕಾರ ಬರುತ್ತಿತ್ತು, ಊಟದ ಹೊತ್ತಿಗೆ ಬೀಳುತ್ತಿತ್ತು. ಸಂಜೆ ಕಾಫಿಗೆ ಅತಂತ್ರ ವಿಧಾನಸಭೆ.

ಡಮ್ಮಿಯಲ್ಲಿ ನಿಜವಾದ ಪಕ್ಷ, ನಿಜವಾದ ಅಭ್ಯರ್ಥಿಗಳ ಹೆಸರು ಹಾಕುವಂತಿರಲಿಲ್ಲ. ಯಾರಾದರೂ ಪರದೆಯ ಫೋಟೋ ತೆಗೆದು ಫಲಿತಾಂಶ ಅಂತ ಹರಿಯಬಿಟ್ಟರೆ ಗತಿ ಏನು? ಹಾಗಾಗಿ ನಮ್ಮ ಪಕ್ಷಗಳು ಒರಳುಕಲ್ಲು, ಸೌಟು, ಮೊರ. ಅಭ್ಯರ್ಥಿಗಳು ನಮ್ಮ ನಂಟರು, ಹಾಲಿನ ಬೂತಿನ ಆಂಟಿ, ಇಸ್ತ್ರಿ ಅಂಗಡಿಯವರು, ಆಫೀಸಿನವರು. ಹೆಸರಿನ ಪಟ್ಟಿ ಮಾಡುವುದು ನನ್ನ ಕೆಲಸ. ಒರಳುಕಲ್ಲು ಪಕ್ಷದಿಂದ, ಹೊಸಹಳ್ಳಿ ಎಂದು ನಾವೇ ಹೆಸರಿಟ್ಟ ಕ್ಷೇತ್ರದಲ್ಲಿ ನಾನೇ ನಿಲ್ಲುತ್ತಿದ್ದೆ. ಸೋತ ದಾಖಲೆ ಇಲ್ಲ. ಬರೆದವಳೇ ನಾನಾದ ಮೇಲೆ ಸೋಲುವುದು ಯಾಕೆ ಹೇಳಿ.

ಆ ವರ್ಷ ಮಾರ್ಚಿನಲ್ಲಿ ಮೂರ್ತಿ ಸಾರ್ ಎಲ್ಲರನ್ನೂ ಕರೆದು, "ಎಣಿಕೆ ದಿನ ಯಾರು ಸ್ಟುಡಿಯೋದಲ್ಲಿ ಕೂತ್ಕೊಂಡು ಇದನ್ನ ನಡೆಸ್ತಾರೋ, ಮುಂದೆ ಅವ್ರೇ ಟೆಸ್ಟಿಂಗಿಗೆ ಹೆಡ್ಡು" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ಮಹಿಳಾ ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಹಿಡಿದುಕೊಂಡು ಬಂದ ದಿನದಿಂದ ಆ ಕುರ್ಚಿಯ ಮೇಲೇ ನನ್ನ ಕಣ್ಣು. ರಾಜಾಜಿನಗರದ ಮನೆಗೆ ಹೋಗಿ ನಮ್ಮ ಯಜಮಾನರಿಗೆ ಹೇಳಿ, ಶಾವಿಗೆ ಪಾಯಸವನ್ನೂ ಮಾಡಿದೆ.

ಮರುವಾರವೇ ರೇಣುಕಾ ಬಂದಳು. ಗದಗದ ಕಡೆಯ ಹುಡುಗಿ, ಇಪ್ಪತ್ತಾರು ವರ್ಷ, ಮೂಡಲಪಾಳ್ಯದ ಪೀಜಿಯಲ್ಲಿ ವಾಸ. ಬಂದ ಮೊದಲ ದಿನ ನನ್ನ ಪಕ್ಕ ಕೂತು ಡಮ್ಮಿ ಎಲೆಕ್ಷನ್ ನೋಡಿದಳು. ಹತ್ತು ನಿಮಿಷ ಆದದ್ದೇ, "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಎಣಿಕಿ ಹಿಂಗ ಬರಂಗಿಲ್ರಿ" ಎಂದಳು.

"ಹಿಂಗೆ ಅಂದ್ರೆ?"

"ನೀವು ಪ್ರತಿ ಸುತ್ತಿಗೂ ಒಂದ ಸಮ ಮತ ಹಾಕೀರಿ. ಮೊದ್ಲನೇ ಸುತ್ತಿನ್ಯಾಗ ಮುಂದ ಇದ್ದವ್ರು ಕಡೀತನಾನೂ ಮುಂದ ಅದಾರ. ಖರೇ ಎಣಿಕಿ ಹಂಗಲ್ರಿ. ಒಂದೊಂದ ಸುತ್ತಿಗೆ ಒಂದೊಂದ ಊರಿನ ಪೆಟ್ಟಿಗಿ ಬರ್ತಾವ. ಒಂದ ಊರು ಇವ್ರ ಕಡೆ, ಇನ್ನೊಂದ ಊರು ಅವ್ರ ಕಡೆ. ಹಿಂದ ಇದ್ದವ್ರು ಒಮ್ಮೆಲೆ ಮುಂದ ಬರ್ತಾರ. ನಮ್ಮ ಮಾವ ಎಣಿಕಿ ಏಜೆಂಟ್ ಆಗಿ ಕುಂತಿದ್ದ, ಅಂವ ಹೇಳಿದ್ದು."

ಮೂರ್ತಿ ಸಾರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಹೌದಲ್ವೇನಮ್ಮಾ ಸುಮಿತ್ರಾ! ಇಷ್ಟು ವರ್ಷ ನಮ್ಗ್ಯಾರಿಗೂ ಹೊಳೀಲೇ ಇಲ್ವಲ್ಲ!" ಎಂದರು. ನಮ್ಗ್ಯಾರಿಗೂ ಅಂದರೆ ಯಾರಿಗೆ? ನನಗೆ. ಆವತ್ತು ಹೊಟ್ಟೆಯಲ್ಲಿ ಹತ್ತಿಕೊಂಡ ಬೆಂಕಿ ಇನ್ನೂ ಆರಿಲ್ಲ.

ಏಪ್ರಿಲ್ ಬಂತು. ಆ ಬೇಸಿಗೆಯಲ್ಲಿ ಫ್ಯಾನು ತಿರುಗಿದರೂ ಬಿಸಿಗಾಳಿ, ಕಿಟಕಿ ತೆಗೆದರೆ ಮೆಣಸಿನಪುಡಿ. ವರ್ಷದ ಖಾರದಪುಡಿ ಮಾಡಿಸಲು ವಿಜಯನಗರದ ಹೆಂಗಸರೆಲ್ಲ ಡಬ್ಬ ಹಿಡಿದು ಸಾಲಾಗಿ ಕೆಳಗೆ ನಿಂತಿರುತ್ತಿದ್ದರು. ಮೇಲೆ ನಾವು ಒಂಬತ್ತು ಜನ, ಈಗ ಹತ್ತು, ಸರದಿಯಂತೆ ಸೀನುತ್ತಿದ್ದೆವು. ರೇಣುಕಾ ಒಬ್ಬಳು ಸೀನುತ್ತಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ನೋಡಿ ಬೆಳೆದವಳಂತೆ. ಅದಕ್ಕೂ ನನಗೆ ಉರಿ. ಊರಿಂದ ಬರುವಾಗ ಮೂರ್ತಿ ಸಾರ್ ಮನೆಗೆ ಎರಡು ಕೇಜಿ ಬ್ಯಾಡಗಿ ತಂದುಕೊಟ್ಟಳು. ಅವರ ಮನೆಯವರು ಆಫೀಸಿಗೇ ಫೋನ್ ಮಾಡಿ ಅವಳಿಗೆ, "ಬಣ್ಣ ಅಂದ್ರೆ ಬಣ್ಣ ಕಣೇ!" ಎಂದರು. ಮಧ್ಯಾಹ್ನ ಡಬ್ಬಿ ತೆಗೆದರೆ ಅವಳ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಇಡೀ ಆಫೀಸು ಕೈಚಾಚುತ್ತಿತ್ತು. ನನ್ನ ಚಿತ್ರಾನ್ನ ನನ್ನ ಮುಂದೆಯೇ ಇರುತ್ತಿತ್ತು. ಮೂರ್ತಿ ಸಾರ್ ಬಾಯಲ್ಲಿ "ಸುಮಿತ್ರಾನ ಕೇಳಿ" ಅನ್ನುವುದು ಹೋಗಿ "ನಮ್ ರೇಣುಕಾನ ಕೇಳಿ" ಬಂತು. ನಾನು ಅಷ್ಟು ವರ್ಷದಲ್ಲಿ ಒಂದು ದಿನವೂ "ನಮ್ ಸುಮಿತ್ರಾ" ಆಗಿರಲಿಲ್ಲ.

ಅಂಥ ಒಂದು ದಿನ ಡಮ್ಮಿಯ ಹೆಸರಿನ ಪಟ್ಟಿ ಹೊಸದಾಗಿ ಮಾಡಬೇಕಾಯಿತು. ರೇಣುಕಾ ಬಂದು, "ಅಕ್ಕಾರ, ನನ್ನನ್ನೂ ನಿಲ್ಲಸ್ರೆಲಾ" ಎಂದು ನಕ್ಕಳು. ನಿಲ್ಲಿಸಿದೆ. ಯಾವ ಪಕ್ಷದಿಂದಲೂ ಟಿಕೆಟ್ ಕೊಡಲಿಲ್ಲ, ಪಕ್ಷೇತರ. ಒಂದು ಕಡೆ ಅಲ್ಲ, ಇನ್ನೂರ ಇಪ್ಪತ್ತನಾಲ್ಕು ಕ್ಷೇತ್ರದಲ್ಲೂ ಪಕ್ಷೇತರ ಅಂದರೆ ಅವಳೊಬ್ಬಳೇ. ಆಮೇಲೆ ಪ್ರೋಗ್ರಾಮಿನೊಳಗೆ ಅವಳ ಹೆಸರಿಗಾಗಿಯೇ ಒಂದು ಸಾಲು ಬರೆದೆ. ಈ ಹೆಸರಿನವಳಿಗೆ ಎಷ್ಟು ಸುತ್ತು ಮುಗಿದರೂ ಠೇವಣಿ ಉಳಿಯುವಷ್ಟು ಮತ ಬರಕೂಡದು. ಯಾಕೆ ಈ ಸಾಲು ಬರೆದದ್ದು ಅಂತ ಪಕ್ಕದಲ್ಲಿ ಟಿಪ್ಪಣಿ ಇಡುವುದು ನಮ್ಮ ಕೆಲಸದ ಪದ್ಧತಿ. ಪದ್ಧತಿ ಬಿಡಬಾರದಲ್ಲ, "ಇವಳು ಎಲ್ಲೂ ಗೆಲ್ಲಬಾರದು" ಅಂತ ಟಿಪ್ಪಣಿಯನ್ನೂ ಇಟ್ಟೆ.

ನಗಬೇಡಿ. ದಿನಕ್ಕೆ ಮೂರು ಚುನಾವಣೆ, ಒಂದೊಂದರಲ್ಲೂ ಅವಳು ಇನ್ನೂರ ಇಪ್ಪತ್ತನಾಲ್ಕು ಕಡೆ ಠೇವಣಿ ಕಳೆದುಕೊಳ್ಳುತ್ತಿದ್ದಳು. ಹೊಸಹಳ್ಳಿಯಲ್ಲಿ ನನ್ನ ಎದುರಿಗೇ ಕಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿದ ದಿನ ನನಗೆ ಊಟ ರುಚಿಸುತ್ತಿತ್ತು.

ಅವಳಿಗೆ ಮೊದಲು ತಮಾಷೆ ಅನಿಸಿತು. ನಾಲ್ಕೈದು ದಿನ ಕಳೆದ ಮೇಲೆ, "ಅಕ್ಕಾರ, ಒಮ್ಮೆರ ನನ್ನ ಗೆಲ್ಲಸ್ರಿ" ಎಂದಳು.

"ಜನ ಓಟು ಹಾಕ್ಬೇಕಲ್ಲಮ್ಮ" ಎಂದೆ.

ಇನ್ನೊಂದು ದಿನ ಮತ್ತೆ ಬಂದಳು. "ನಗಿಚಾಟಿಕಿ ಅಲ್ರಿ ಅಕ್ಕಾರ. ನಾ ಗೆದ್ರ ಏನಾಗ್ತೈತಿ ಒಮ್ಮೆ ನೋಡೂಣ್ರಿ."

ನನಗೆ ಕೇಳಿಸಿದ್ದೇ ಬೇರೆ. ಓಹೋ, ಕುರ್ಚಿಯ ಆಸೆ ಬಾಯಿಗೇ ಬಂತು ಅಂದುಕೊಂಡೆ. "ಗೆದ್ದಾಗ ನೋಡೋಣ ಬಿಡಮ್ಮ" ಎಂದು ಮುಖ ತಿರುಗಿಸಿದೆ. ಅವತ್ತೇ ಒಂದು ಹೊಸ ನಿಯಮ ಮಾಡಿದೆ. ಯಾರಿಗೆ ಏನೇ ತಪ್ಪು ಕಂಡರೂ ಮೊದಲು ನನಗೆ ಮೇಲ್ ಮಾಡಬೇಕು, ಸೀದಾ ಸಾರ್ ಹತ್ತಿರ ಹೋಗುವಂತಿಲ್ಲ. ಎಲ್ಲರಿಗೂ ಅಂತ ಹೇಳಿದ ನಿಯಮ, ಮಾಡಿದ್ದು ಒಬ್ಬಳಿಗೆ. ಮನೆಯಲ್ಲಿ ನಮ್ಮ ಯಜಮಾನರು, "ಪಾಪ, ಆ ಹುಡ್ಗಿ ನಿಂಗೇನ್ ಮಾಡಿದ್ಲೇ?" ಎಂದರು. "ಏನೂ ಮಾಡಿಲ್ಲ, ಅದೇ ನನ್ನ ಸಂಕಟ" ಎಂದೆ. ಅದು ಪೂರಾ ನಿಜ. ಒಂದು ಕೆಟ್ಟ ಮಾತಾಡಿದ್ದರೂ ಜಗಳ ಆಡಿ ಮುಗಿಸಬಹುದಿತ್ತು.

ಎಣಿಕೆಗೆ ಹದಿನೈದು ದಿನ ಇರುವಾಗ ಅವಳಿಂದ ಒಂದು ಮೇಲ್ ಬಂತು. ತಲೆಬರಹ: "ನಾ ಗೆದ್ರ ಹಿಂಗ ಆಗ್ತೈತಿ." ಓದಿದ್ದೇ ತಲೆಬರಹ ಅಷ್ಟು. ಮೈಯೆಲ್ಲ ಉರಿದುಹೋಯಿತು. ಗೆದ್ದರೆ ಏನು ಮಾಡುತ್ತೀಯ, ನನ್ನನ್ನು ಕೆಳಗೆ ಗಿರಣಿಗೆ ಕಳಿಸುತ್ತೀಯಾ ಅಂತ ಮನಸ್ಸಿನಲ್ಲೇ ಬೈದು ಅದನ್ನು ತೆಗೆಯದೆ ಬಿಟ್ಟೆ. ಎರಡು ದಿನದ ಮೇಲೆ ಅವಳು, "ಅಕ್ಕಾರ, ಮೇಲ್ ನೋಡಿದ್ರ್ಯಾ?" ಎಂದು ಕೇಳಿದಳು. ಯಾಕೋ ಕಣ್ಣು ತಗ್ಗಿಸಿ ಮೆಲ್ಲಗೆ ಕೇಳಿದಳು.

"ನೋಡ್ದೆ, ನೋಡ್ದೆ" ಎಂದೆ.

"ಹಂಗಾದ್ರ ಸರಿ ಬಿಡ್ರಿ" ಎಂದು ಹೋದಳು.

ಸ್ಟುಡಿಯೋಗೆ ಯಾರು ಹೋಗಬೇಕು ಎಂಬ ಮಾತು ಬಂದಾಗ ಮೂರ್ತಿ ಸಾರ್ ಸ್ವಲ್ಪ ಅನುಮಾನಿಸಿದರು. ರೇಣುಕಾಳನ್ನು ಕಳಿಸಿದರೆ ಹೇಗೆ ಎಂದರು. ನಾನು ಆಗ ಆಡಿದ ಮಾತು ಈಗ ಬರೆಯಲಿಕ್ಕೂ ನಾಚಿಕೆ. "ಅವ್ಳ ಭಾಷೆ ಅಲ್ಲಿನವ್ರಿಗೆ ಅರ್ಥ ಆಗ್ಬೇಕಲ್ಲ ಸಾರ್. ಅವಸರದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದೆ. ಪಕ್ಕದ ಕೋಣೆಗೆ ಅಡ್ಡ ಇದ್ದದ್ದು ಬರೀ ಪ್ಲೈವುಡ್ಡು. ಅವಳಿಗೆ ಕೇಳಿಸಿರಲೇಬೇಕು. ಮೂರ್ತಿ ಸಾರ್ "ಸರಿ, ನೀನೇ ಹೋಗಮ್ಮ" ಎಂದರು.

ಎಣಿಕೆಯ ಹಿಂದಿನ ಸಂಜೆ ಆಲಿಕಲ್ಲು ಮಳೆ ಬಿದ್ದಿತ್ತು. ಬೆಳಿಗ್ಗೆ ರಸ್ತೆಯ ತುಂಬ ಗುಲ್‌ಮೊಹರ್ ಹೂವು. ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ ನಾನು, ಪ್ರಮಾಣವಚನಕ್ಕೆ ಹೋಗುವವಳ ಹಾಗೆ. ಸ್ಟುಡಿಯೋದ ಕಂಟ್ರೋಲ್ ರೂಮಿನಲ್ಲಿ ಏಸಿಯ ಚಳಿಗೆ ಹಲ್ಲು ಕಟಕಟ. ಎಂಟಕ್ಕೆ ಎಣಿಕೆ ಶುರು, ಅಂಚೆ ಮತಗಳು ಬಂದವು, ನಮ್ಮ ಪಟ್ಟಿ ನೀರಿನ ಹಾಗೆ ಓಡಿತು. ಒಂಬತ್ತೂವರೆವರೆಗೂ ನಾನೇ ಮುಖ್ಯಮಂತ್ರಿ.

ಆಮೇಲೆ ಯಾವುದೋ ಮೂಲೆಯ ಕ್ಷೇತ್ರದಲ್ಲಿ ಪಕ್ಷೇತರ ಹೆಂಗಸೊಬ್ಬಳು ಮುನ್ನಡೆಗೆ ಬಂದಳು. ಅಷ್ಟೇ, ಪಟ್ಟಿ ನಿಂತುಹೋಯಿತು. ಒಂದು ಕ್ಷೇತ್ರದ್ದಲ್ಲ, ಇಡೀ ರಾಜ್ಯದ್ದು. ಪಕ್ಕದ ಚಾನೆಲ್ಲುಗಳಲ್ಲಿ ಅಂಕಿ ಓಡುತ್ತಿದೆ, ನಮ್ಮದರಲ್ಲಿ ಗೋಡೆಗೆ ಹೊಡೆದ ಮೊಳೆ. ಆ್ಯಂಕರ್ ಹಳೇ ಅಂಕಿಯನ್ನೇ ಹಿಡಿದು ಎಳೆದೂ ಎಳೆದೂ ಮಾತಾಡುತ್ತಿದ್ದರು. ಪ್ರೊಡ್ಯೂಸರ್ ನನ್ನ ಹಿಂದೆ ಬಂದು ನಿಂತು, "ಮೇಡಂ, ಏನ್ರೀ ಇದು? ಎಲೆಕ್ಷನ್ ನಡೀತಾ ಇದೆ ಹೊರಗೆ!" ಎಂದು ಕೂಗಿದರು.

ನೂರಾರು ಸಲ ಡಮ್ಮಿ ಎಲೆಕ್ಷನ್ ನಡೆಸಿದ್ದೆವು. ಒಂದು ಸಲವಾದರೂ ಪಕ್ಷೇತರರು ಮುಂದೆ ಬಂದದ್ದಿಲ್ಲ. ಯಾಕೆ? ಪಕ್ಷೇತರ ಅಂದರೆ ರೇಣುಕಾ, ರೇಣುಕಾ ಎಲ್ಲೂ ಗೆಲ್ಲಬಾರದಿತ್ತು. ಪಕ್ಷದ ಹೆಸರೇ ಇಲ್ಲದವರು ಮುಂದೆ ಬಂದರೆ ಅವರನ್ನು ಯಾರ ಲೆಕ್ಕಕ್ಕೆ ಸೇರಿಸಬೇಕು ಅಂತ ನಮ್ಮ ಸಾಫ್ಟ್‌ವೇರಿಗೆ ಗೊತ್ತೇ ಇರಲಿಲ್ಲ. ಪಕ್ಕದ ಮನೆಗೆ ಅಪಶಕುನ ಆಗಲಿ ಅಂತ ಮೂಗು ಕೊಯ್ದುಕೊಂಡರಂತಲ್ಲ, ಆ ಮೂಗು ನನ್ನದೇ.

ಅವಳಿಗೇ ಫೋನ್ ಮಾಡಿದೆ, ಇನ್ಯಾರಿಗೆ ಮಾಡಲಿ? ಒಂದೇ ರಿಂಗಿಗೆ ಎತ್ತಿದಳು.

"ರೇಣುಕಾ, ಪಕ್ಷೇತರ..."

"ಟೀವ್ಯಾಗ ನೋಡಾಕತ್ತೇನ್ರಿ. ಆ ಮೇಲ್ ತಗೀರಿ ಅಕ್ಕಾರ. ಹದಿನೈದ ದಿವ್ಸದ ಹಿಂದ ಕಳಿಸಿದ್ನೆಲಾ, ಅದ. ಸರಿ ಮಾಡಿದ್ದನ್ನ ಅದರ ಜೋಡಿನ ಇಟ್ಟೇನಿ. ಗಾಬರಿ ಆಗಬ್ಯಾಡ್ರಿ, ನಾ ಒಂದೊಂದ ಹೇಳ್ತೇನಿ, ನೀವು ಮಾಡ್ಕೋತ ಹೋಗ್ರಿ."

ಅವಳು ಹೇಳಿದಳು, ನಾನು ಮಾಡಿದೆ. ಅವಳ ಒಂದೊಂದು ಮಾತೂ ಚೆನ್ನಾಗಿಯೇ ಅರ್ಥವಾಯಿತು. ಹನ್ನೊಂದು ನಿಮಿಷಕ್ಕೆ ಪಟ್ಟಿ ಮತ್ತೆ ಓಡಿತು. ಪಕ್ಷೇತರ ಹೆಂಗಸು ‘ಇತರರು’ ಎಂಬ ಲೆಕ್ಕದಲ್ಲಿ ಹೋಗಿ ಅಚ್ಚುಕಟ್ಟಾಗಿ ಕೂತಳು. ಪ್ರೊಡ್ಯೂಸರ್ ಉಸ್ಸೆಂದು, "ಥ್ಯಾಂಕ್ಸ್ ಮೇಡಂ, ನೀವಿಲ್ದಿದ್ರೆ ಇವತ್ತು ಮರ್ಯಾದೆ ಹೋಗ್ತಿತ್ತು" ಎಂದರು. ನಾನು ಪರವಾಗಿಲ್ಲ ಎಂಬಂತೆ ತಲೆ ಆಡಿಸಿದೆ.

ಎಲ್ಲರೂ ಅತ್ತ ತಿರುಗಿದ ಮೇಲೆ ಆ ಮೇಲನ್ನು ಪೂರ್ತಿ ಓದಿದೆ. ತಪ್ಪು ಎಲ್ಲಿದೆ, ಹೇಗೆ ಸಿಕ್ಕಿತು, ಹೇಗೆ ಸರಿಮಾಡಿದೆ, ಎಲ್ಲ ಚಂದವಾಗಿ ಬರೆದಿದ್ದಳು. ಕೊನೆಗೆ ಎರಡು ಸಾಲು. "ಅಕ್ಕಾರ, ನನ್ನ ಗೆಲ್ಲಿಸಿ ನೋಡಬೇಕಾದ್ರ ನನ್ನ ಹೆಸರಿನ ಬಾಜೂಕ ನೀವು ಬರದದ್ದು ಕಂಡಿತ್ರಿ. ನಾ ಅದನ್ನ ಅಳಿಸಿಲ್ಲ, ಯಾರಿಗೂ ಹೇಳೂದೂ ಇಲ್ಲ, ನೀವ ಅಳಸ್ರಿ."

ನಾನು "ನೋಡ್ದೆ, ನೋಡ್ದೆ" ಅಂದಿದ್ದೆನಲ್ಲ. ಎಲ್ಲ ಓದಿ, ಒಂದು ಮಾತೂ ಆಡದೆ ಬಿಟ್ಟವಳು ಅಂತ ಹದಿಮೂರು ದಿನ ನನ್ನನ್ನು ತಿಳಿದುಕೊಂಡು ನನ್ನ ಪಕ್ಕದಲ್ಲೇ ಕೂತು ರೊಟ್ಟಿ ಹಂಚಿದ್ದಳು. ಅಂಥವಳು ಒಂದೇ ರಿಂಗಿಗೆ ಫೋನ್ ಎತ್ತಿದ್ದಳು. ನಾನಾಗಿದ್ದರೆ ಎತ್ತುತ್ತಿರಲಿಲ್ಲ, ದೇವರಾಣೆ.

ಮರುದಿನ ಮೂರ್ತಿ ಸಾರ್ ಮೈಸೂರು ಪಾಕ್ ತರಿಸಿದರು. ಸುಮಿತ್ರಾ ಹನ್ನೊಂದು ನಿಮಿಷದಲ್ಲಿ ಸರಿಮಾಡಿದಳು ಅಂತ ಚಾನೆಲ್ಲಿನವರು ಹೊಗಳಿದ ಪತ್ರವನ್ನು ಎಲ್ಲರ ಎದುರಿಗೆ ಓದಿದರು. ಈಗ ಹೇಳಬೇಕು, ಈಗ ಹೇಳಬೇಕು ಅಂತ ನಾಲಿಗೆ ತುದಿಗೆ ಬಂತು. ಬಾಯಿಗೆ ಮೈಸೂರು ಪಾಕ್ ಹಾಕಿಕೊಂಡೆ. ರೇಣುಕಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಆ ತಿಂಗಳೇ ನಾನು ಹೆಡ್ಡಾದೆ. ಅವಳು ದಸರಾ ಕಳೆದ ಮೇಲೆ ಕೆಲಸ ಬಿಟ್ಟು ಕೆಂಗೇರಿಗೆ ಹೋದಳು. ಈಗ ಅಲ್ಲಿ ಅವಳದೇ ಪುಟ್ಟ ಆಫೀಸು ಇದೆ, ನಾಲ್ಕು ಹುಡುಗಿಯರಿದ್ದಾರೆ. ಆಯುಧಪೂಜೆಗೆ ಕಂಪ್ಯೂಟರಿಗೆಲ್ಲ ಕುಂಕುಮ ಹಚ್ಚಿ ಸ್ಟೇಟಸ್ ಹಾಕಿದ್ದಳು, ನಾಲ್ಕು ಸಲ ನೋಡಿದೆ.

ಕಳೆದ ವಾರ ನಾವು ಹಳೇ ಆಫೀಸಿಗೆ ಹೋದದ್ದು ಆ ಡಮ್ಮಿ ಎಲೆಕ್ಷನ್ ಇದ್ದ ಕಂಪ್ಯೂಟರಿಗಾಗಿ. ಆಫೀಸು ಚಂದ್ರಾ ಲೇಔಟಿಗೆ ಬಂದ ಮೇಲೂ ಒಂದು ಕೋಣೆಯಲ್ಲಿ ಹಳೇ ಸಾಮಾನು ಉಳಿದಿದೆ. ಬೆಂಗಳೂರಿನ ವಾರ್ಡ್ ಎಲೆಕ್ಷನ್ ಇವತ್ತು, ನಾಳೆ ಅನ್ನುತ್ತಿದ್ದಾರಲ್ಲ, ಸುಳ್ಳು ಚುನಾವಣೆ ಮತ್ತೆ ಶುರುಮಾಡಬೇಕು. ಮೂರ್ತಿ ಸಾರ್ ಧೂಳು ಒರೆಸಿ ಅದನ್ನು ಆನ್ ಮಾಡಿದರು. ನಮ್ಮ ಪುಣ್ಯಕ್ಕೆ ಎದ್ದಿತು. ಹೊಸಹಳ್ಳಿಯಲ್ಲಿ ಒರಳುಕಲ್ಲಿನ ಸುಮಿತ್ರಾ ಮುಂದೆ, ಪಕ್ಷೇತರ ರೇಣುಕಾಗೆ ಠೇವಣಿ ಇಲ್ಲ. ಆ ಸಾಲನ್ನು ನಾನು ಇಷ್ಟು ವರ್ಷವಾದರೂ ಅಳಿಸಿರಲಿಲ್ಲ.

"ಆವತ್ತು ಹನ್ನೊಂದ್ ನಿಮಿಷದಲ್ಲಿ ಹೆಂಗ್ ಸರಿ ಮಾಡ್ದೆ ಅಂತ ಹೊಸಬರಿಗೆಲ್ಲ ಒಂದ್ಸಲ ಹೇಳ್ಬೇಕಮ್ಮ ನೀನು" ಎಂದರು ಮೂರ್ತಿ ಸಾರ್.

ಕೆಳಗೆ ಗಿರಣಿ ಗರಗರ ಅನ್ನುತ್ತಿತ್ತು. ಏನಾಯಿತೋ, ಮಾತು ಹೊರಗೆ ಬಂದುಬಿಟ್ಟಿತು. "ಸಾರ್, ಅದು ನಾನಲ್ಲ. ರೇಣುಕಾ. ಅವ್ಳು ಹದಿನೈದು ದಿನ ಮುಂಚೇನೇ ಕಳ್ಸಿದ್ಲು, ನಾನು ನೋಡಿರ್ಲಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತು ಕಣಮ್ಮ. ನೀನು ಫೋನ್ ಮಾಡಿದಾಗ ನಾನು ಅವ್ಳ ಪಕ್ಕದಲ್ಲೇ ನಿಂತಿದ್ದೆ."

"ಮತ್ತೆ... ಆ ಪೋಸ್ಟು ನಂಗ್ಯಾಕೆ ಕೊಟ್ರಿ?"

"ನಿಂಗೆಲ್ಲಿ ಕೊಟ್ಟೆ? ಅವತ್ತು ಸಾಯಂಕಾಲಾನೇ ಅವ್ಳನ್ನ ಕರೆದು, ತಗೋಮ್ಮ, ನೀನೇ ಹೆಡ್ಡು ಅಂದೆ. ಬೇಡವೇ ಬೇಡ ಅಂದ್ಲು."

"ಏನಂದ್ಲು ಸಾರ್?"

ಮೂರ್ತಿ ಸಾರ್ ಅವಳ ಮಾತನ್ನು ಅವಳ ಹಾಗೆಯೇ ಹೇಳಲು ನೋಡಿದರು, ಅರ್ಧ ಬಂತು, ಅರ್ಧ ಬರಲಿಲ್ಲ. "ಅಕ್ಕಾರಿಗೇ ಕೊಡ್ರಿ ಸಾರ್. ಅವ್ರಿಗೆ ಸೋತು ರೂಢಿ ಇಲ್ಲ. ನಾ ಅಂತೂ ದಿನಕ್ಕ ಮೂರ ಸಲ ಸೋತೇನಿ."

ಪರದೆಯ ಮೇಲೆ ಹೊಸಹಳ್ಳಿಯ ಕೊನೆಯ ಸುತ್ತು ಮುಗಿದು ನನ್ನ ಹೆಸರಿನ ಮುಂದೆ ಜಯ ಎಂದು ಬಂತು. ಇಷ್ಟು ವರ್ಷ ನಾನು ಗೆದ್ದೆ ಅಂದುಕೊಂಡು ಕೂತದ್ದು ಅವಳು ಬಿಟ್ಟುಕೊಟ್ಟ ಸೀಟಿನಲ್ಲಿ. ಹೊಟ್ಟೆ ಉರಿಯಿತು, ಆ ವರ್ಷಕ್ಕಿಂತ ಜಾಸ್ತಿಯೇ ಉರಿಯಿತು. ಕುರ್ಚಿ ಎಳೆದುಕೊಂಡು ಕೂತು, ನೀವೇ ಅಳಿಸಿ ಎಂದು ಅವಳು ಬರೆದಿದ್ದ ಆ ಸಾಲು ಎಲ್ಲಿದೆ ಅಂತ ಹುಡುಕತೊಡಗಿದೆ.